ಕಲ್ಲು ಹೊತ್ತವರ ಹೆಸರೆಲ್ಲಿ?

ಹೋಳಿ ಹುಣ್ಣಿವೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರನ ತೇರು. ಒಂದು ವರ್ಷ ಆ ಜಾತ್ರೆಗೆ ನಮ್ಮ ಶಾಲೆಯ ಏಳನೆಯ ಇಯತ್ತೆಯ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ತೇರು ಎಳೆಯಲು ಇನ್ನೂ ಹೊತ್ತಿತ್ತು. ಗುಡಿಯ ಕಲ್ಲುಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆವು. ಒಬ್ಬ ಹುಡುಗ ಗೋಡೆಯನ್ನು ಕೈಯಿಂದ ಸವರುತ್ತ ಕೇಳಿದ: "ಸರ, ಇಷ್ಟ ದೊಡ್ಡ ಕಲ್ಲ ಇಲ್ಲಿತನಾ ಯಾರ ತಂದಾರ್ರಿ?"

ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಮುದುಕರೊಬ್ಬರು ನನಗಿಂತ ಮೊದಲೇ ಉತ್ತರ ಕೊಟ್ಟರು: "ಎಲ್ಲಾ ಅಪ್ಪನ ಮಹಿಮಾ ಅದ ತಮ್ಮಾ."

ಹುಡುಗ ಬಿಡಲಿಲ್ಲ. "ಮಹಿಮಾ ಹೆಗಲ ಮ್ಯಾಲ ಕಲ್ಲ ಹೊರ್ತದೇನ್ರಿ ಮುತ್ಯಾ?"

ಮುದುಕರು ಬಾಯಿ ತುಂಬ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗು ಬಹಳ ಹೊತ್ತು ಉಳಿಯಲಿಲ್ಲ.

ಆ ಹುಡುಗನ ಅಪ್ಪನೂ ನನ್ನ ಅಪ್ಪನೂ ಪರಸಿ ಖಣಿಯಲ್ಲಿ ದುಡಿದವರು. ಶಹಾಬಾದ, ವಾಡಿ, ಚಿತ್ತಾಪುರದ ಸೀಮೆಯಲ್ಲಿ ನೆಲ ಅಗೆದರೆ ಹಾಸು ಹಾಸಾಗಿ ಪರಸಿ ಸಿಗುತ್ತದೆ. ಎಷ್ಟೋ ಸ್ಟೇಷನ್ನು, ಕಚೇರಿ, ಶಾಲೆ, ಗುಡಿಗಳ ನೆಲಕ್ಕೆ ಹಾಸಿರುವುದು ಇದೇ ಕಲ್ಲು. ಈ ಪತ್ರಿಕೆ ಓದುತ್ತ ನೀವು ಕಾಲೂರಿರುವ ನೆಲವೂ ಅದೇ ಇರಬಹುದು. ನನ್ನಪ್ಪ ಹಾರಿ ಹಾಕಿ ಹಾಸು ಎಬ್ಬಿಸುತ್ತಿದ್ದ. ಒಮ್ಮೆ ಹಾಸು ಜಾರಿ ಎಡಗಾಲಿನ ಎರಡು ಬೆರಳು ಹೋದವು. ಖಣಿಯ ಮಾಲಕ ಒಂದು ವಾರದ ಪಗಾರ ಕೈಗೆ ಕೊಟ್ಟ. ಲೆಕ್ಕದ ಬುಕ್ಕಿನಲ್ಲಿ ಅದನ್ನು ಮುಂಗಡ ಎಂದು ಬರೆದುಕೊಂಡ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ. ಕಳೆದುಹೋದ ತನ್ನ ಬೆರಳುಗಳ ಸಾಲವನ್ನು ತಾನೇ ದುಡಿದು ತೀರಿಸಿದ.

ಆದ್ದರಿಂದ ಗೆಳೆಯರೇ, ಕಲ್ಲನ್ನು ಯಾರು ಹೊತ್ತರು, ಅದರ ಮೇಲೆ ಏನು ಬರೆದರು, ಬರೆದದ್ದನ್ನು ಯಾರು ಓದಬಲ್ಲರು ಎಂಬ ಮಾತು ನನಗೆ ಪುರಾತತ್ವದವರ ಮಾತಲ್ಲ. ಅದು ನನ್ನಪ್ಪನ ಹೆಬ್ಬೆಟ್ಟಿನ ಮಾತು.

ಶರಣಬಸಪ್ಪನವರ ಜೊತೆ ನನಗೆ ತಕರಾರಿಲ್ಲ. 1746ರಲ್ಲಿ ಹುಟ್ಟಿ 1822ರಲ್ಲಿ ತೀರಿಕೊಂಡ ಆ ಶರಣ ಒಕ್ಕಲುತನ ಮಾಡಿದವರು. ಜನ ಅವರನ್ನು ನೆನೆಯುವುದು ದಾಸೋಹಕ್ಕೆ, ಹಸಿದು ಬಂದವರಿಗೆ ಹಾಕಿದ ಅನ್ನಕ್ಕೆ. ಗುಡಿ ಎದ್ದದ್ದು ಅವರು ಹೋದ ಮೇಲೆ. ಅನ್ನ ಮೊದಲು, ಕಲ್ಲು ಆಮೇಲೆ. ಸ್ಥಾವರ ಯಾವುದು ಜಂಗಮ ಯಾವುದು ಎಂದು ಶರಣರ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ ಇದೆ. ಆಳುವವರಿಗೆ ಯಾವಾಗಲೂ ಕಲ್ಲು ಬೇಕು. ಹೊಸದಾಗಿ ಕಡಿಸಲು ಆಗದಿದ್ದರೆ ಹಳೆಯದನ್ನೇ ಎತ್ತಿ ತಂದು ನಡುಬೀದಿಯಲ್ಲಿ ಹೂಡುತ್ತಾರೆ. ಹಳೆಯ ಅಕ್ಷರದ ಮೇಲೆ ತಮ್ಮ ದೇವರನ್ನೋ ತಮ್ಮ ಹೆಸರನ್ನೋ ಕೂರಿಸುತ್ತಾರೆ. ಹೊತ್ತವನು ಪ್ರತಿ ಸಲವೂ ಹೆಸರಿಲ್ಲದೆ ಮನೆಗೆ ಹೋಗುತ್ತಾನೆ. ಇದನ್ನು ನೋಡಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಸನ್ನತಿಗೆ ಬಸ್ಸು ಹತ್ತಿದರೆ ಸಾಕು.

*

ಸನ್ನತಿ ಚಿತ್ತಾಪುರ ತಾಲೂಕಿನ ಊರು. ಭೀಮಾನದಿಯ ದಂಡೆ. ಚಂದ್ರಲಾಂಬೆಯ ಗುಡಿ. ಆ ಗುಡಿಯ ಆವರಣದಲ್ಲೇ ಒಂದು ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಮಾಡು ಕುಸಿಯಿತು. ಮೂರ್ತಿ ಒಡೆಯಿತು. ಕಲ್ಲು ಮಣ್ಣು ತೆಗೆದು ಚೊಕ್ಕ ಮಾಡುವಾಗ ಮೂರ್ತಿಯ ಪೀಠದ ಬುಡದಲ್ಲಿ ಒಂದು ಚಪ್ಪಡಿ ಸಿಕ್ಕಿತು. ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರ. ಭಾಷೆ ಪ್ರಾಕೃತ. ಬರೆಸಿದವನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ. ಆ ಚಪ್ಪಡಿಯ ನಟ್ಟನಡುವೆ ದೊಡ್ಡದೊಂದು ಚೌಕದ ತೂತು. ಮೂರ್ತಿ ಅಲುಗಾಡದೆ ನಿಲ್ಲಲಿ ಎಂದು ಯಾವ ಕಾಲದಲ್ಲೋ ಕೊರೆದದ್ದು. ಆ ತೂತಿನಲ್ಲಿ ಸಾಲು ಸಾಲು ಅಕ್ಷರ ಹೋದವು.

ಹೋದ ಅಕ್ಷರ ಯಾವ ಮಾತಿಗೆ ಸೇರಿದ್ದವು ನೋಡಿ. ಆ ಕಲ್ಲಿನ ಮೇಲಿರುವುದು ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು, ಜೊತೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಸಿಕ್ಕ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದರ ಸಾರ ಇಷ್ಟು: ತನ್ನ ಪಂಥವನ್ನು ಹೊಗಳಿಕೊಳ್ಳುತ್ತ ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಗೆ ಹಿಡಿತದಲ್ಲಿರಲಿ, ಒಬ್ಬರ ಧರ್ಮವನ್ನು ಒಬ್ಬರು ಕೇಳಿಸಿಕೊಳ್ಳಲಿ. ಪ್ರತ್ಯೇಕ ಶಾಸನಗಳಲ್ಲಿ ಅರಸ ಪ್ರಜೆಗಳೆಲ್ಲ ತನ್ನ ಮಕ್ಕಳು ಎನ್ನುತ್ತಾನೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಎಂದು ಅಧಿಕಾರಿಗಳಿಗೆ ತಾಕೀತು ಮಾಡುತ್ತಾನೆ. ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಲ್ಲಿಸಬೇಕಾದ ಕಲ್ಲು. ಅದು ಪೀಠದ ಬುಡದಲ್ಲಿ ಕತ್ತಲೆಯಲ್ಲಿ ಬಿದ್ದಿತ್ತು. ಮಾಡು ಬೀಳದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿತ್ತು.

ಇದನ್ನು ಹೇಳಿದ ಕೂಡಲೇ ಕೆಲವು ಪಂಡಿತರು ಮೂಗು ಮುರಿಯುತ್ತಾರೆ. "ಅದೆಲ್ಲ ಗೊತ್ತಿಲ್ಲದೆ ಆದದ್ದು. ಗಟ್ಟಿ ಕಲ್ಲು ಬಿದ್ದಿತ್ತು, ಬಳಸಿಕೊಂಡರು. ಅದರಲ್ಲಿ ಜಾತಿ, ಧರ್ಮ, ರಾಜಕೀಯ ಯಾಕೆ ತರುತ್ತೀರಿ?" ಎನ್ನುತ್ತಾರೆ.

ಸರಿ ಸ್ವಾಮಿ, ಒಪ್ಪಿದೆ. ಗೊತ್ತಿಲ್ಲದೆ ಆದದ್ದೇ ಇರಲಿ. ತೂತು ಕೊರೆದ ಕಲ್ಲುಕುಟಿಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಕಲಿಯಲು ಬಿಟ್ಟವರು ಯಾರು? ನನ್ನ ಪ್ರಶ್ನೆ ಅವನ ಬೆನ್ನ ಹಿಂದೆ ನಿಂತು "ಇಲ್ಲಿ ಕೊರಿ" ಎಂದವರಿಗೆ. ಓದುವುದು, ಬರೆಯುವುದು ತಮ್ಮ ಮನೆಯ ಸ್ವತ್ತು ಎಂದು ತಲೆಮಾರುಗಟ್ಟಲೆ ಕಾದುಕೊಂಡವರು ನೀವು. ಕಂಡವರ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದು ಧರ್ಮಸೂತ್ರ ಬರೆದವರು ನೀವು. ಹಾಗೆ ಕಾದಿಟ್ಟ ಅಕ್ಷರವನ್ನು ಕೊನೆಗೆ ಏನು ಮಾಡಿದಿರಿ? ಕಾಲ ಬುಡದಲ್ಲಿದ್ದ ಅಕ್ಷರವನ್ನು ಗುರುತಿಸಲು ನಿಮಗೂ ಆಗಲಿಲ್ಲ. ನಾಲ್ಕು ಜನರ ಕೈಯಲ್ಲಿ ಕೂಡಿಹಾಕಿದ ಅಕ್ಷರ ಸಾಯುತ್ತದೆ. ಸನ್ನತಿಯ ಚಪ್ಪಡಿ ಅದರ ಸಾಕ್ಷಿ.

ಇದಕ್ಕಿಂತ ದೊಡ್ಡ ಸಾಕ್ಷಿ ದೆಹಲಿಯಲ್ಲಿದೆ. ಹದಿನಾಲ್ಕನೆಯ ಶತಮಾನದಲ್ಲಿ ಸುಲ್ತಾನ ಫಿರೋಜ್ ಶಾ ತುಘಲಕ್ ಟೋಪ್ರಾ ಎಂಬ ಹಳ್ಳಿಯಲ್ಲಿ ನಿಂತಿದ್ದ ಅಶೋಕನ ಕಂಬವನ್ನು ಕೀಳಿಸಿ ದೆಹಲಿಗೆ ತರಿಸಿದ. ಆ ಕಾಲದ ಚರಿತ್ರಕಾರ ಆಫೀಫ್ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಕಂಬದ ಬುಡಕ್ಕೆ ಬೂರುಗದ ಅರಳೆ ಒಟ್ಟಿದರು. ಮೆತ್ತಗೆ ಅದರ ಮೇಲೆ ಮಲಗಿಸಿದರು. ನಲವತ್ತೆರಡು ಗಾಲಿಗಳ ಬಂಡಿ ಮಾಡಿದರು. ಒಂದೊಂದು ಗಾಲಿಗೆ ಕಟ್ಟಿದ ಹಗ್ಗವನ್ನು ಇನ್ನೂರಿನ್ನೂರು ಜನ ಎಳೆದು ಯಮುನೆಗೆ ಮುಟ್ಟಿಸಿದರು. ಅಲ್ಲಿಂದ ದೋಣಿಯ ಮೇಲೆ ದೆಹಲಿಗೆ. ಗಾಲಿಗಳ ಲೆಕ್ಕ ಇದೆ. ಆಳುಗಳ ಲೆಕ್ಕವೂ ಇದೆ. ಒಬ್ಬ ಆಳಿನ ಹೆಸರೂ ಇಲ್ಲ.

ಕಂಬ ನಿಂತ ಮೇಲೆ ಸುಲ್ತಾನನಿಗೆ ಅದರ ಮೇಲಿನ ಬರಹ ತಿಳಿಯುವ ಆಸೆಯಾಯಿತು. ಪಂಡಿತರನ್ನು ಕರೆಸಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಕೆಲವರು ಮಾತ್ರ ಧೈರ್ಯವಾಗಿ ಹೇಳಿದರಂತೆ: ಫಿರೋಜನೆಂಬ ಸುಲ್ತಾನ ಬರುವವರೆಗೆ ಈ ಕಂಬವನ್ನು ಯಾರಿಂದಲೂ ಕದಲಿಸಲು ಆಗದು ಎಂದು ಇದರಲ್ಲಿ ಬರೆದಿದೆ!

ನಗಬೇಡಿ. ಈ ಕಸುಬು ಇವತ್ತಿಗೂ ನಿಂತಿಲ್ಲ. ಕಲ್ಲು ಏನೇ ಹೇಳಲಿ, ಕುರ್ಚಿಯ ಮೇಲೆ ಕೂತವನ ಹೆಸರನ್ನು ಅದರಲ್ಲಿ ಓದಿ ಹೇಳುವವರು ಪ್ರತಿ ಸರ್ಕಾರಕ್ಕೂ ಸಿಗುತ್ತಾರೆ. ಆ ಕಂಬದ ನಿಜವಾದ ಮಾತು ಗೊತ್ತಾದದ್ದು 1837ರಲ್ಲಿ, ಕಂಪನಿಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಜೇಮ್ಸ್ ಪ್ರಿನ್ಸೆಪ್ ಕೂತು ಬ್ರಾಹ್ಮಿಯ ಅಕ್ಷರಗಳನ್ನು ಬಿಡಿಸಿದಾಗ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಕೊಟ್ಟದ್ದು ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆ, 1915ರಲ್ಲಿ. ಅದನ್ನು ಕಂಡವನೂ ಚಿನ್ನ ಹುಡುಕುತ್ತ ಬಂದ ಒಬ್ಬ ಇಂಜಿನಿಯರು. ಮಸ್ಕಿಯ ದನಗಾಹಿ ಹುಡುಗರು ಆ ಬಂಡೆಯ ನೆರಳಲ್ಲಿ ಎಷ್ಟು ಸಾವಿರ ಸಲ ಕೂತು ಎದ್ದಿರಬೇಕು! ಅಕ್ಷರ ಕಣ್ಣೆದುರಿಗೇ ಇತ್ತು. ಓದುವ ಹಕ್ಕು ಇರಲಿಲ್ಲ.

*

ಸನ್ನತಿ, ದೆಹಲಿಯಲ್ಲಿ ನಡೆದದ್ದೇ ದೊಡ್ಡ ದೊಡ್ಡ ಪಟ್ಟಣಗಳ ಚೌಕದಲ್ಲೂ ನಡೆದಿದೆ. ಒಬೆಲಿಸ್ಕ್ ಎಂಬ ಕಂಬದ ಚಿತ್ರವನ್ನು ಮಾಸ್ತರರು ಪುಸ್ತಕದಲ್ಲಿ ನೋಡಿರಬೇಕು. ನಾಲ್ಕು ಮೂಲೆ, ಮೇಲೆ ಹೋಗುತ್ತ ಸಣ್ಣಗಾಗುವ ಮೈ, ತುದಿಯಲ್ಲಿ ಪಿರಮಿಡ್ಡಿನಂಥ ಮೊನೆ. ಈಜಿಪ್ಟಿನ ಅರಸರು ಸೂರ್ಯದೇವನ ಹೆಸರಿನಲ್ಲಿ ಗುಡಿಗಳ ಮುಂದೆ ನಿಲ್ಲಿಸಿದ ಒಂಟಿಕಲ್ಲಿನ ಕಂಬ ಅದು. ಒಬೆಲಿಸ್ಕ್ ಎಂಬುದು ಗ್ರೀಕರು ಇಟ್ಟ ಅಡ್ಡಹೆಸರು. ಖಂಡ ಚುಚ್ಚಿ ಸುಡುವ ಸಣ್ಣ ಸರಳು ಎಂದು ಅದರ ಅರ್ಥ. ಅರಸರ ಗರ್ವವನ್ನು ನೋಡಿ ಅಡಿಗೆಮನೆಯ ಹೆಸರಿಟ್ಟರು. ಬಾಡು ಎಂದರೆ ಮೂಗು ಮುಚ್ಚುವ ನಮ್ಮ ಮಡಿವಂತರು ಪ್ಯಾರಿಸ್ಸಿಗೆ ಹೋದಾಗ ಬಾಡಿನ ಸರಳಿಗೆ ಕೈಮುಗಿದು ಫೋಟೋ ತೆಗೆಸಿಕೊಂಡು ಬರುತ್ತಾರೆ.

ಅಸ್ವಾನಿನ ಕಲ್ಲುಗಣಿಯಲ್ಲಿ ಒಂದು ಕಂಬ ಇವತ್ತಿಗೂ ನೆಲಕ್ಕಂಟಿಕೊಂಡು ಮಲಗಿದೆ. ಉದ್ದ ಸುಮಾರು 42 ಮೀಟರ್. ಎದ್ದು ನಿಂತಿದ್ದರೆ ತೂಕ ಸಾವಿರ ಟನ್ನು ಮೀರುತ್ತಿತ್ತು. ಕೆಲಸ ಮುಗಿಯುವ ಮೊದಲೇ ಬಿರುಕು ಬಿಟ್ಟಿತು, ಅಲ್ಲೇ ಬಿಟ್ಟುಹೋದರು. ಅಲ್ಲಿನ ಜನ ಉಳಿಯಿಂದ ಕೆತ್ತಿದವರಲ್ಲ. ಗಟ್ಟಿ ಕರಿಕಲ್ಲಿನ ಗುಂಡುಗಳಿಂದ ಕುಟ್ಟಿ ಕುಟ್ಟಿ ಕೆಂಪು ಗ್ರಾನೈಟನ್ನು ಪುಡಿ ಮಾಡಿ ತೆಗೆದವರು. ಅವರು ಕುಟ್ಟಿದ ಗುಣಿಗಳು ಸಾಲಾಗಿ ಇನ್ನೂ ಕಾಣುತ್ತವೆ. ನನ್ನಪ್ಪ ಅದನ್ನು ಕಂಡಿದ್ದರೆ ಯಾವ ಗುಣಿ ಎಡಗೈಯವನದು, ಯಾವುದು ಬಲಗೈಯವನದು ಎಂದು ಹೇಳುತ್ತಿದ್ದ. ಅರಸನ ಹೆಸರು ಕೆತ್ತುವಷ್ಟರಲ್ಲಿ ಕಲ್ಲು ಕೈಕೊಟ್ಟದ್ದರಿಂದ ಕೂಲಿಯವರ ಕೈಗುರುತು ಮಾತ್ರ ಉಳಿಯಿತು. ಲೋಕದಲ್ಲಿ ದುಡಿದವರ ಸ್ಮಾರಕ ಎಂದು ಒಂದು ಕಂಬವನ್ನು ಕರೆಯಬಹುದಾದರೆ ಅದು ಈ ಮುರುಕು ಕಂಬ.

ಅದೇ ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ ಹನ್ನೆರಡನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ ಆಳುತ್ತಿದ್ದಾಗ, ಅರಸರ ಗೋರಿ ಕಟ್ಟುವ ಕೆಲಸಗಾರರು ಕಾಳು ಬರಲಿಲ್ಲ ಎಂದು ಉಳಿ ಕೆಳಗಿಟ್ಟು ಗುಡಿಯ ಬಳಿ ಹೋಗಿ ಕೂತರು. ಬರಹಕ್ಕೆ ಸಿಕ್ಕ ಮೊದಲ ಮುಷ್ಕರ ಅದು. ಬರೆದಿಟ್ಟ ಪಪೈರಸ್ ಇಟಲಿಯ ಟ್ಯೂರಿನ್ನಿನಲ್ಲಿದೆ. ಕೂಲಿಯವನಿಗೆ ಹೊಟ್ಟೆ ಇದೆ ಎಂಬುದು ಅರಸನಿಗೆ ನೆನಪಾಗುವುದು ಅವನು ಕೂತಾಗಲೇ.

ಮುಂದೆ ರೋಮಿನವರು ಬಂದರು. ಕ್ರಿಸ್ತಪೂರ್ವ 30ರಲ್ಲಿ ಈಜಿಪ್ಟನ್ನು ನುಂಗಿದ ಆಗಸ್ಟಸ್ ಇಪ್ಪತ್ತು ವರ್ಷದ ಮೇಲೆ ಎರಡು ಕಂಬಗಳನ್ನು ಹಡಗಿನಲ್ಲಿ ರೋಮಿಗೆ ತರಿಸಿದ. ಅವನ ಹಿಂದೆ ಬಂದವರು ಇನ್ನಷ್ಟು ತಂದರು. ಇವತ್ತು ರೋಮಿನ ಬೀದಿಗಳಲ್ಲಿ ಇಂಥ ಹಳೆಯ ಕಂಬಗಳು ಹದಿಮೂರು ನಿಂತಿವೆ. ಅವುಗಳಲ್ಲಿ ಎಂಟು ಈಜಿಪ್ಟಿನಲ್ಲಿ ಕಡಿದವು, ಐದು ರೋಮಿನವರ ಕಾಲದ ನಕಲು. 1586ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಅವುಗಳಲ್ಲೊಂದನ್ನು ಸೇಂಟ್ ಪೀಟರ್ ಚರ್ಚಿನ ಮುಂದಿನ ಚೌಕಕ್ಕೆ ಸರಿಸಿದ. ದೆವ್ವ ಬಿಡಿಸುವ ಮಂತ್ರ ಹೇಳಿಸಿ ತುದಿಗೆ ಶಿಲುಬೆ ಸಿಕ್ಕಿಸಿದ. ಎಳೆದವರು ಸುಮಾರು ಒಂಬೈನೂರು ಆಳು. ಉಳಿದ ಹೆಸರು ಇಂಜಿನಿಯರ್ ಫೊಂಟಾನಾನದು.

ಆ ದಿನದ ಬಗ್ಗೆ ಅಲ್ಲಿನ ಜನ ಒಂದು ಕತೆ ಹೇಳುತ್ತಾರೆ. ಎತ್ತುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು, ಎಂದರೆ ತಲೆದಂಡ ಎಂದು ಅಪ್ಪಣೆಯಾಗಿತ್ತಂತೆ. ಕಂಬ ಅರ್ಧ ಎದ್ದಾಗ ಹಗ್ಗಗಳು ಕಾದು ಹರಿಯುವಂತಾದವು. ಆಗ ಹಡಗಿನಲ್ಲಿ ದುಡಿದ ಒಬ್ಬ ಸಾಮಾನ್ಯ "ಹಗ್ಗಕ್ಕೆ ನೀರು ಹಾಕಿ" ಎಂದು ಕೂಗಿಬಿಟ್ಟನಂತೆ. ಹಾಕಿದರು. ಕಂಬ ನಿಂತಿತು. ಕತೆ ನಿಜವೋ ಸುಳ್ಳೋ, ಜನ ಅದನ್ನು ನಾನೂರು ವರ್ಷ ಬಿಡದೆ ಹೇಳಿಕೊಂಡು ಬಂದಿದ್ದಾರೆ. ಯಾಕೆ? ಹಗ್ಗದ ವಿಚಾರ ಗೊತ್ತಿರುವುದು ಹಗ್ಗ ಹಿಡಿದವನಿಗೆ ಎಂಬುದು ಅವರಿಗೆ ಗೊತ್ತು.

ಪ್ಯಾರಿಸ್ಸಿನ ಕತೆ ಇನ್ನೂ ಚೆನ್ನಾಗಿದೆ. ಊರ ನಡುವಿನ ದೊಡ್ಡ ಚೌಕದಲ್ಲಿ 1793ರಲ್ಲಿ ಜನ ತಮ್ಮ ಅರಸನ ತಲೆ ತೆಗೆದಿದ್ದರು. ಮುಂದೆ ಪಟ್ಟಕ್ಕೆ ಬಂದ ಲೂಯಿ ಫಿಲಿಪ್ಪನಿಗೆ ಆ ಚೌಕವೆಂದರೆ ಹೆದರಿಕೆ. ಅಲ್ಲಿ ಅರಸನ ಮೂರ್ತಿ ನಿಲ್ಲಿಸಿದರೆ ಜನ ಸಿಟ್ಟಾಗುತ್ತಾರೆ. ಜನರ ಕ್ರಾಂತಿಯ ಗುರುತು ನಿಲ್ಲಿಸಿದರೆ ಅರಸೊತ್ತಿಗೆಗೆ ಕಂಟಕ. ಆಗ ಲಕ್ಸರಿನಿಂದ ಬಂದ ಕಂಬ ಕೈಗೆ ಸಿಕ್ಕಿತು. ಮೂರು ಸಾವಿರ ವರ್ಷದ ಹಳೆಯ ಕಲ್ಲು, ಫ್ರಾನ್ಸಿನ ಯಾರ ಜಗಳಕ್ಕೂ ಸೇರದ್ದು. 1836ರ ಅಕ್ಟೋಬರ್ 25ರಂದು ಅದನ್ನು ಅಲ್ಲಿ ನೆಟ್ಟರು. ಶರಣಬಸಪ್ಪನವರು ತೀರಿಕೊಂಡ ಅದೇ 1822ರಲ್ಲಿ ಶಾಂಪೋಲಿಯೋ ಎಂಬ ವಿದ್ವಾಂಸ ಈಜಿಪ್ಟಿನ ಲಿಪಿಯನ್ನು ಬಿಡಿಸಿ ಆಗಿತ್ತು. ಆದರೆ ಚೌಕದಲ್ಲಿ ನೆರೆದ ಲಕ್ಷಗಟ್ಟಲೆ ಜನರಲ್ಲಿ ಓದಬಲ್ಲವರು ಎಷ್ಟು? ಯಾರಿಗೂ ಅರ್ಥವಾಗದ ಕಲ್ಲೇ ಅರಸನಿಗೆ ಬೇಕಾಗಿತ್ತು. ಕಂಬದ ಪೀಠದಲ್ಲಿ ಅದನ್ನು ಎತ್ತಿದ ಯಂತ್ರದ ಚಿತ್ರ ಬಿಡಿಸಿದ್ದಾರೆ. ಹಗ್ಗದ ಚಿತ್ರವೂ ಇದೆ. ಹಗ್ಗ ಎಳೆದವರ ಹೆಸರನ್ನು ಅಲ್ಲಿ ಹುಡುಕಬೇಡಿ.

ಇದು ಬಿಳಿಯರ ಚಾಳಿ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಕೈರೋದ ತಹ್ರೀರ್ ಚೌಕದಲ್ಲಿ 2011ರಲ್ಲಿ ಲಕ್ಷಾಂತರ ಜನ ಸೇರಿದರು, ಮುಬಾರಕನ ಮೂವತ್ತು ವರ್ಷದ ಆಳ್ವಿಕೆ ಕೆಡವಿದರು. ಒಂಬತ್ತು ವರ್ಷ ಕಳೆದು 2020ರಲ್ಲಿ ಅದೇ ಚೌಕದ ನಡುವೆ ಎದ್ದದ್ದು ಏನು? ಎರಡನೆಯ ರಾಮ್ಸೆಸ್ ಅರಸನ ಒಬೆಲಿಸ್ಕ್. ಸಾನ್ ಅಲ್ ಹಗರ್ ಎಂಬಲ್ಲಿ ತುಂಡಾಗಿ ಬಿದ್ದದ್ದನ್ನು ಜೋಡಿಸಿ ತಂದರು. ಕಾರ್ನಾಕಿನಿಂದ ಟಗರುತಲೆಯ ನಾಲ್ಕು ಸಿಂಹಗಳನ್ನು ತಂದು ಸುತ್ತ ಕೂರಿಸಿದರು. ಅವರದೇ ದೇಶ, ಅವರದೇ ಕಲ್ಲು. ಆದರೂ ಕೆಲಸ ಪ್ಯಾರಿಸ್ಸಿನದೇ. ಜನ ಎದ್ದು ನಿಂತ ಜಾಗದಲ್ಲಿ ಅರಸನ ಕಲ್ಲನ್ನು ನಿಲ್ಲಿಸಿದರೆ ಜನ ಕೂರುತ್ತಾರೆ ಎಂಬ ಲೆಕ್ಕ.

*

ಹಾಗಾದರೆ ಹೂಡಿದ ಕಲ್ಲು ಹೂಡಿದವನದೇ ಆಗಿ ಉಳಿಯುತ್ತದೆಯೇ? ಇಲ್ಲ. ಅದಕ್ಕೆ ಸಾಕ್ಷಿ ನಮ್ಮ ಭೀಮೆಯ ದಂಡೆಯಲ್ಲೇ ಇದೆ. ಸನ್ನತಿಯಿಂದ ಹೊಳೆಯ ಎದುರಿಗೆ ಮೇಲೆ ಮೇಲೆ ನಡೆದರೆ ಗಾಣಗಾಪುರ ಬರುತ್ತದೆ, ಪಂಢರಪುರ ಬರುತ್ತದೆ, ಕೊನೆಗೆ ಪುಣೆಯ ಹತ್ತಿರ ಕೋರೆಗಾಂವ ಬರುತ್ತದೆ.

ಪಂಢರಪುರದಲ್ಲಿ ಒಂದು ಗಳಿಗೆ ನಿಲ್ಲೋಣ. ಹದಿನಾಲ್ಕನೆಯ ಶತಮಾನದ ಸಂತ ಚೋಖಾಮೇಳಾ ಮಹಾರ ಜಾತಿಯವನು. ವಿಠ್ಠಲನನ್ನು ಹಾಡಿದ, ಗುಡಿಯ ಒಳಗೆ ಕಾಲಿಡಲಾಗಲಿಲ್ಲ. ಮಂಗಳವೇಢೆಯಲ್ಲಿ ಊರ ಗೋಡೆ ಕಟ್ಟುವ ಕೂಲಿಗೆ ಹೋಗಿದ್ದಾಗ ಆ ಗೋಡೆ ಬಿದ್ದು ಸತ್ತ. ಅವನ ಎಲುಬುಗಳನ್ನು ತಂದು ವಿಠ್ಠಲನ ಗುಡಿಯ ಮೆಟ್ಟಿಲ ಬಳಿ ಹೂಳಿದರು. ಸತ್ತ ಮೇಲೂ ಹೊರಗೇ. ಅವನ ಜನಕ್ಕೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಕಲ್ಲು ಹೊತ್ತು ಕಲ್ಲಿನಡಿ ಸತ್ತವನ ಹೆಸರು ಉಳಿದಿದೆಯಲ್ಲ ಎಂದರೆ, ಅದು ಅವನು ಹಾಡಿದ್ದರಿಂದ ಉಳಿಯಿತು. ಅವನ ಜೊತೆ ಅದೇ ಗೋಡೆಯಡಿ ಸಿಕ್ಕವರು ಹಾಡಿರಲಿಲ್ಲ.

ಇನ್ನು ಕೋರೆಗಾಂವ. 1818ರ ಜನವರಿ 1ರಂದು ಅಲ್ಲಿ ಕಂಪನಿಯ ಸಣ್ಣ ಪಡೆಗೂ ಪೇಶ್ವೆಯ ದೊಡ್ಡ ಸೈನ್ಯಕ್ಕೂ ಕದನವಾಯಿತು. ಪೇಶ್ವೆಯ ಪುಣೆ ಎಂದರೆ ಅಸ್ಪೃಶ್ಯರು ಕೊರಳಿಗೆ ಮಡಕೆ, ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡು ನಡೆಯಬೇಕಾಗಿದ್ದ ಊರು ಎಂದು ಅಂಬೇಡ್ಕರರು ಬರೆದಿದ್ದಾರೆ. ಕಂಪನಿಯ ಪಡೆಯಲ್ಲಿ ಮಹಾರರು ಬಹಳ ಇದ್ದರು. 1821ರಲ್ಲಿ ಕಂಪನಿ ಅಲ್ಲಿ ಒಂದು ಸ್ತಂಭಕ್ಕೆ ಕಲ್ಲಿಟ್ಟಿತು. ಆಕಾರ? ಅದೇ ಒಬೆಲಿಸ್ಕ್. ಈಜಿಪ್ಟಿನ ಅರಸರ ಅಚ್ಚು ರೋಮಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಭೀಮೆಯ ದಂಡೆಗೆ ಬಂತು. ಆದರೆ ಈ ಕಂಬದಲ್ಲಿ ಒಂದು ವ್ಯತ್ಯಾಸ ಇತ್ತು. ಸತ್ತ ಸಿಪಾಯಿಗಳ ಹೆಸರು ಕೆತ್ತಿದ್ದರು. 'ನಾಕ' ಎಂದು ಮುಗಿಯುವ ಮಹಾರರ ಹೆಸರುಗಳೇ ಇಪ್ಪತ್ತಕ್ಕೂ ಹೆಚ್ಚು.

ಕಂಪನಿಗೆ ದಲಿತರ ಮೇಲೆ ಪ್ರೀತಿ ಉಕ್ಕಿ ಹರಿದು ಕೆತ್ತಿಸಿದ್ದಲ್ಲ. ತನ್ನ ಗೆಲುವನ್ನು ಸಾರಲು ಕೆತ್ತಿಸಿದ್ದು. ಕೆಲಸ ಮುಗಿದ ಮೇಲೆ ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರು ಕ್ಷಾತ್ರ ಜನಾಂಗವಲ್ಲ ಎಂದು ಸೈನ್ಯದ ಬಾಗಿಲು ಮುಚ್ಚಿದರು. ಕಲ್ಲಿನ ಮೇಲೆ ಹೆಸರು, ಹೊಟ್ಟೆಗೆ ತಣ್ಣೀರು ಬಟ್ಟೆ. ಹಾಗಾಗಿ ಕೋರೆಗಾಂವವನ್ನು ಬ್ರಿಟಿಷರ ಉಪಕಾರ ಎಂದು ಹಾಡುವವರ ಜೊತೆ ನಾನಿಲ್ಲ. ಅದನ್ನು ದೇಶದ್ರೋಹದ ಕಂಬ ಎಂದು ಬಯ್ಯುವವರಿಗೆ ಮಾತ್ರ ಒಂದೇ ಪ್ರಶ್ನೆ: ಕೊರಳಿಗೆ ಮಡಕೆ ಕಟ್ಟಿದ್ದು ಯಾವ ದೇಶ?

1927ರ ಜನವರಿ 1ರಂದು ಅಂಬೇಡ್ಕರರು ಆ ಕಂಬದ ಮುಂದೆ ನಿಂತರು. ಹೆಸರು ಓದಿದರು. ಅವತ್ತಿನಿಂದ ಅದು ಕಂಪನಿಯ ಕಂಬವಾಗಿ ಉಳಿಯಲಿಲ್ಲ. ಕಲ್ಲು ಅದೇ, ಅಕ್ಷರ ಅದೇ, ಓದಿದ ಬಾಯಿ ಬೇರೆ. ಅರಸನ ಕಂಬವನ್ನು ಕೆಡವದೆ, ಒಯ್ಯದೆ, ಅದರ ಮೇಲೆ ಏನನ್ನೂ ಕೂರಿಸದೆ ತಮ್ಮದು ಮಾಡಿಕೊಳ್ಳುವ ದಾರಿ ಇದು. ಪ್ರತಿ ವರ್ಷ ಜನವರಿ 1ಕ್ಕೆ ಅಲ್ಲಿ ಸೇರುವ ಲಕ್ಷಾಂತರ ಜನ ಆ ಹೆಸರುಗಳ ಮುಂದೆ ಬಂದು ನಿಲ್ಲುತ್ತಾರೆ. 2018ರಲ್ಲಿ, ಕದನದ ಇನ್ನೂರನೆಯ ವರ್ಷ, ಬಂದವರ ಮೇಲೆ ಕಲ್ಲು ಬಿದ್ದವು. ಕಲ್ಲು ಓದುವವರನ್ನು ಕಂಡರೆ ಕಲ್ಲು ಎಸೆಯುವವರಿಗೆ ಎಷ್ಟು ಭಯ ನೋಡಿ.

*

ಈಗ ಸನ್ನತಿಗೆ ಮರಳೋಣ. ನಮ್ಮಲ್ಲೂ ಕೆಲವು ಬಿಸಿರಕ್ತದ ಗೆಳೆಯರಿದ್ದಾರೆ. "ಗುಡಿ ಕೆಡವಬೇಕು, ಬುದ್ಧನ ನೆಲ ನಮ್ಮದು" ಎನ್ನುತ್ತಾರೆ. ಅವರಿಗೆ ನನ್ನ ಮಾತು ಇಷ್ಟು. ಚಂದ್ರಲಾಂಬೆಗೆ ಹರಕೆ ಹೊತ್ತು ಬರುವ ಹೆಂಗಸರು ಯಾರು? ನಮ್ಮ ಅವ್ವಂದಿರೇ. ಅವರ ಕೈಯ ಆರತಿ ತಟ್ಟೆಯ ಮೇಲೆ ಹಾರಿ ಎತ್ತುವವನು ಅಂಬೇಡ್ಕರರ ಮೊಮ್ಮಗ ಅಲ್ಲ. ಆ ಚಪ್ಪಡಿಯ ಹನ್ನೆರಡನೆಯ ಶಾಸನವನ್ನೇ ಅವನು ಓದಿಲ್ಲ. ಇನ್ನೊಂದು ಗುಂಡಿ ತೋಡಿ ಇನ್ನೊಂದು ಮೂರ್ತಿ ಕೂರಿಸಿದರೆ ತೂತು ದೊಡ್ಡದಾಗುತ್ತದೆ, ಅಕ್ಷರ ಇನ್ನಷ್ಟು ಹೋಗುತ್ತವೆ.

ನಮ್ಮ ಚಳವಳಿಯ ಹೊಟ್ಟೆಯೊಳಗಿನ ಮಾತನ್ನೂ ಹೇಳಿಬಿಡುತ್ತೇನೆ. ನಮಗೂ ಕಲ್ಲಿನ ಹುಚ್ಚು ಹತ್ತಿದೆ. ಊರೂರಿಗೂ ಬಾಬಾಸಾಹೇಬರ ಪ್ರತಿಮೆ ಬೇಕು, ಅದರಲ್ಲಿ ತಪ್ಪಿಲ್ಲ. ಊರಾಚೆ ಇಟ್ಟವರ ಎದುರಿಗೆ ಊರ ನಡುವೆ ನಿಲ್ಲುವ ಹಟ ಅದು. ಆದರೆ ಪಕ್ಕದೂರಿನದಕ್ಕಿಂತ ಎರಡು ಅಡಿ ಎತ್ತರ ಬೇಕು ಎಂದು ಪಟ್ಟಿ ಎತ್ತುವುದು ಯಾವ ಹಟ? ಪ್ರತಿಮೆಯ ಕೈಯಲ್ಲಿ ಪುಸ್ತಕ ಇದೆ. ಎದುರಿಗಿರುವ ವಾಚನಾಲಯಕ್ಕೆ ಬೀಗ ಇದೆ. ಜಯಂತಿಯ ದಿನ ಡಿಜೆಗೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಹುಡುಗಿಯರ ಪರೀಕ್ಷೆ ಫೀ ಕಟ್ಟಬಹುದಿತ್ತು? ಪೀಠದ ಮೇಲೆ ನಮ್ಮ ಲೀಡರುಗಳು ತಮ್ಮ ಹೆಸರು ಕೆತ್ತಿಸುತ್ತಾರೆ. ಅಡಿಪಾಯ ತೋಡಿದ ವಡ್ಡರ ಹುಡುಗನ ಹೆಸರು ಅಲ್ಲಿ ಇದೆಯೇ? ಇಲ್ಲ ಎಂದಾದರೆ ನಮಗೂ ಸಿಕ್ಸ್ಟಸ್ ಪೋಪನಿಗೂ ಏನು ವ್ಯತ್ಯಾಸ?

ಅಶೋಕನನ್ನೂ ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಸನ್ನತಿಯ ಹತ್ತಿರವೇ ಕನಗನಹಳ್ಳಿ ಇದೆ. 1994ರಿಂದ 2001ರವರೆಗೆ ಪುರಾತತ್ವ ಇಲಾಖೆ ಅಗೆದು ಅಲ್ಲಿ ಮಹಾಸ್ತೂಪವನ್ನು ಹೊರತೆಗೆಯಿತು. ಅದರ ಶಿಲ್ಪಗಳೂ ಇದೇ ಸೀಮೆಯ ಸುಣ್ಣಕಲ್ಲಿನವು. ಅಗೆದ ಮೇಲೆ ಇಪ್ಪತ್ತು ವರ್ಷ ಬಹಳಷ್ಟು ಶಿಲ್ಪಗಳು ಬಿಸಿಲು ಮಳೆಯಲ್ಲೇ ಬಿದ್ದಿದ್ದವು. ಸ್ತೂಪವನ್ನು ಜೋಡಿಸುವ ಕೆಲಸಕ್ಕೆ ಇಲಾಖೆ ಕೈಹಾಕಿದ್ದು 2022ರಲ್ಲಿ. ಅಲ್ಲಿನ ಒಂದು ಹಲಗೆಯ ಮೇಲೆ ಅರಸ ನಿಂತಿದ್ದಾನೆ, ರಾಣಿ ನಿಂತಿದ್ದಾಳೆ. 'ರಾಯೊ ಅಸೋಕೊ' ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದಿದೆ. ಹೆಸರಿನ ಸಮೇತ ಅಶೋಕನ ಚಿತ್ರ ಸಿಕ್ಕಿತೆಂದು ಲೋಕವೆಲ್ಲ ಹಿಗ್ಗಿತು. ಹಿಗ್ಗಬೇಕಾದದ್ದೇ. ಆದರೆ ಅದೇ ಹಲಗೆಯಲ್ಲಿ ಅರಸನಿಗೆ ಕೊಡೆ ಹಿಡಿದವರಿದ್ದಾರೆ, ಚಾಮರ ಬೀಸುವವರಿದ್ದಾರೆ. ಅವರ ತಲೆಯ ಮೇಲೆ ಹೆಸರಿಲ್ಲ. ಬುದ್ಧನ ಸ್ತೂಪದ ಮೇಲೂ ಇಲ್ಲ.

ಸನ್ನತಿಯ ಹದಿನಾಲ್ಕನೆಯ ಶಾಸನದಲ್ಲಿ ಅರಸ ಒಂದು ಮಾತು ಸೇರಿಸಿದ್ದಾನೆ. ಬರಹ ಅಲ್ಲಲ್ಲಿ ಅರೆಬರೆಯಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣ ಇರಬಹುದು ಎಂದು. ನೋಡಿದಿರಾ? ಸರಿ ಬರೆದಲ್ಲಿ ಅರಸನ ಹೆಸರು. ತಪ್ಪಾದಲ್ಲಿ ಬರೆದವನ ನೆನಪು. ಖಣಿಯ ಮುಕ್ಕಾದಮನ ಮಾತೂ ಹೀಗೇ ಇರುತ್ತದೆ.

ಅದಕ್ಕೆ ಉತ್ತರ ಕೊಟ್ಟವನೂ ನಮ್ಮ ನಾಡಿನ ಬಂಡೆಯ ಮೇಲೇ ಇದ್ದಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ ಕೊನೆಗೆ ತನ್ನ ಹೆಸರು ಹಾಕಿದ: ಚಪಡ. ತಾನು ಲಿಪಿಕಾರ ಎಂಬ ಮಾತನ್ನು ಖರೋಷ್ಠಿಯಲ್ಲಿ, ಉಪಖಂಡದ ವಾಯವ್ಯ ಮೂಲೆಯಲ್ಲಿ ಬಳಕೆಯಲ್ಲಿದ್ದ ಲಿಪಿಯಲ್ಲಿ ಬರೆದ. ಅರಸನ ಮಾತಿನ ಬಾಲದಲ್ಲಿ ಒಬ್ಬ ದುಡಿಯುವವನ ಸಹಿ. ಕಲ್ಲು ಹೊತ್ತವನ ಹೆಸರು ಅದಲ್ಲ, ನಿಜ. ಆದರೂ ಎರಡು ಸಾವಿರ ವರ್ಷಕ್ಕೂ ಹಿಂದೆ, ಕೈಯಲ್ಲಿ ಉಳಿ ಇದ್ದವನೊಬ್ಬ "ಇದನ್ನು ಮಾಡಿದವನು ನಾನು" ಎಂದು ಹೇಳಿದ. ಅಕ್ಷರ ಕಲಿತದ್ದರಿಂದ ಹೇಳಲು ಆಯಿತು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸನ್ನತಿ, ಕನಗನಹಳ್ಳಿಯ ಪ್ರತಿ ಶಾಸನದ ಮಾತು ನಾಲ್ಕನೆಯ ಇಯತ್ತೆಯ ಮಗು ಓದುವ ಕನ್ನಡದಲ್ಲಿ ಕಲ್ಲಿನ ಪಕ್ಕದಲ್ಲಿ ಇರಬೇಕು. ಈ ಜಿಲ್ಲೆಯ ಮಕ್ಕಳು ವರ್ಷಕ್ಕೊಂದು ದಿನ ಬ್ರಾಹ್ಮಿಯ ಅಕ್ಷರಗಳನ್ನು ಬರೆದು ನೋಡಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಮಾಸ್ತರರಿಗೆ ಮನಸ್ಸು ಬೇಕು. ಮೂರನೆಯದು ಮುಖ್ಯ. ಶಾಲೆ, ಸಮುದಾಯ ಭವನ, ಬಸ್ ನಿಲ್ದಾಣ, ಗುಡಿ, ವಿಹಾರ ಯಾವುದೇ ಇರಲಿ, ಗೋಡೆಯಲ್ಲಿ ಕೂರಿಸುವ ಕಲ್ಲಿನ ಮೇಲೆ ಮಂತ್ರಿ, ಶಾಸಕ, ಗುತ್ತಿಗೆದಾರರ ಹೆಸರಿನ ಕೆಳಗೆ ಗೌಂಡಿ, ಕಲ್ಲು ಒಡೆದವರು, ಬುಟ್ಟಿ ಹೊತ್ತ ಹೆಂಗಸರ ಹೆಸರೂ ಇರಬೇಕು. ಜಾಗ ಸಾಲದು ಎನ್ನುತ್ತಾರೆ. ಮಂತ್ರಿಗಳ ಬಿರುದು ಸ್ವಲ್ಪ ಕಡಿಮೆ ಮಾಡಿದರೆ ಸಾಲುತ್ತದೆ.

ಅವರು ಮಾಡುವ ತನಕ ನಾವು ಕಾಯಬೇಕಾಗಿಲ್ಲ. ಜಾತ್ರೆಯಿಂದ ಬಂದ ಮರುದಿನ ನಮ್ಮ ಶಾಲೆಯ ಹುಡುಗರು ಒಂದು ಕೆಲಸ ಮಾಡಿದರು. ಊರಿನ ಹಿರಿಯರನ್ನು ಕೇಳಿ ನಮ್ಮ ಶಾಲೆಯ ಕಟ್ಟಡಕ್ಕೆ ದುಡಿದವರ ಪಟ್ಟಿ ಮಾಡಿದರು. ಹದಿನೇಳು ಹೆಸರು ಸಿಕ್ಕವು. ಹನ್ನೊಂದು ಮಂದಿ ತೀರಿಕೊಂಡಿದ್ದರು. ಹೆಸರುಗಳನ್ನು ಸುಣ್ಣ ಬಳಿದ ಹಿಂಗೋಡೆಯ ಮೇಲೆ ಕರಿಬಣ್ಣದಲ್ಲಿ ಬರೆದರು. ಪ್ರಶ್ನೆ ಕೇಳಿದ ಆ ಹುಡುಗ ಐದನೆಯ ಸಾಲಿನಲ್ಲಿ ಒಂದು ಹೆಸರು ಬರೆದು, ಕೈ ಒರೆಸಿಕೊಳ್ಳುತ್ತ ದೂರ ನಿಂತು ನೋಡಿದ.

"ನಮ್ಮ ಮುತ್ಯಾಂದರಿ ಸರ" ಎಂದ.